ದಾಂಪತ್ಯ ನಿಷ್ಠೆ: ಪ್ರಕೃತಿಯ ನೆಪ, ಮನುಷ್ಯನ ಹೊಣೆ

‘ಗಂಡಸಿನ ಸ್ವಭಾವವೇ ಹಾಗೆ’ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಅಳಿಯ ದಾರಿ ತಪ್ಪಿದ್ದಾನೆಂದು ತಿಳಿದ ದಿನ ತಾಯಿ ಮಗಳನ್ನು ಸಮಾಧಾನಪಡಿಸಲು ಈ ಮಾತನ್ನು ಹೇಳಿದ್ದಾಳೆ. ಅತ್ತೆ ಸೊಸೆಯ ಬಾಯಿ ಮುಚ್ಚಿಸಲು ಹೇಳಿದ್ದಾಳೆ. ಊರಿನ ಹಿರಿಯರು ಪಂಚಾಯಿತಿಯನ್ನು ಬೇಗನೆ ಮುಗಿಸಿ ಎದ್ದುಹೋಗಲು ಹೇಳಿದ್ದಾರೆ. ಹೇಳುವವರ ಉದ್ದೇಶ ಬೇರೆ ಬೇರೆಯಾದರೂ ಫಲ ಒಂದೇ: ತಪ್ಪು ಮಾಡಿದವನಿಂದ ಲೆಕ್ಕ ಕೇಳುವ ಅಗತ್ಯವೇ ಇಲ್ಲವಾಗುತ್ತದೆ. ಮಳೆ ಸುರಿದುದಕ್ಕೆ, ಬಿಸಿಲು ಸುಟ್ಟುದಕ್ಕೆ ಯಾರನ್ನು ತಾನೆ ಪ್ರಶ್ನಿಸಲು ಸಾಧ್ಯ?

ಇತ್ತೀಚಿನ ವರ್ಷಗಳಲ್ಲಿ ಈ ಹಳೆಯ ಮಾತು ವಿಜ್ಞಾನದ ಉಡುಪು ತೊಟ್ಟು ಬಂದಿದೆ. ಮೊಬೈಲ್ ತೆರೆದರೆ ಸಾಕು, ‘ಮಾನವನು ಏಕಸಂಗಾತಿ ಪ್ರಾಣಿಯಲ್ಲ’, ‘ದಾಂಪತ್ಯ ಎಂಬುದು ಪ್ರಕೃತಿಗೆ ವಿರುದ್ಧ’ ಎಂದು ಎರಡು ನಿಮಿಷಗಳಲ್ಲಿ ಬೋಧಿಸಿ ಮುಗಿಸುವ ವಿಡಿಯೋಗಳು ಸಾಲುಗಟ್ಟಿ ಬರುತ್ತವೆ. ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿ ನಾನು ಇಂತಹ ವಿಡಿಯೋಗಳ ಮಾತನ್ನು ವಿದ್ಯಾರ್ಥಿಗಳ ಬಾಯಿಂದ ಆಗಾಗ ಕೇಳಿದ್ದೇನೆ. ಆದರೆ ಅದರ ಭಾರ ನನಗೆ ಅರಿವಾದದ್ದು ತರಗತಿಯಲ್ಲಿ ಅಲ್ಲ, ನಮ್ಮ ಜಮಾಅತಿನ ಸಂಧಾನದ ಚಾಪೆಯ ಮೇಲೆ.

ಮನಸ್ತಾಪಗಳು ಮಿತಿ ಮೀರಿದಾಗ ಎರಡೂ ಕಡೆಯವರನ್ನು ಕೂರಿಸಿ ಮಾತನಾಡುವ ಕೆಲಸಕ್ಕೆ ನನ್ನನ್ನೂ ಕರೆಯುವುದುಂಟು. ಅಂತಹ ಒಂದು ಸಂದರ್ಭದಲ್ಲಿ ಪತಿ ತನ್ನ ಮೇಲಿನ ಆರೋಪವನ್ನು ಅಲ್ಲಗಳೆಯಲಿಲ್ಲ. ಬದಲಾಗಿ ನನ್ನತ್ತ ತಿರುಗಿ, “ಸರ್, ಗಂಡು ಒಬ್ಬಳಿಗೇ ಕಟ್ಟುಬೀಳುವ ಪ್ರಾಣಿಯಲ್ಲ ಅಂತ ವಿಜ್ಞಾನವೇ ಹೇಳುತ್ತದಲ್ಲ. ನೀವು ಪಾಠ ಮಾಡುವುದೂ ಅದೇ ಅಲ್ವಾ?” ಎಂದ. ಅದುವರೆಗೆ ಮೌನವಾಗಿದ್ದ ಆ ಸಹೋದರಿ ತಲೆ ಎತ್ತಿ, “ಹಾಗಾದರೆ ಸರ್, ಹೆಂಗಸಿನ ಸ್ವಭಾವ ಏನು ಅಂತ ಬರೆದಿದೆ ಅದರಲ್ಲಿ?” ಎಂದು ಕೇಳಿದರು. ಅಲ್ಲಿದ್ದ ಯಾರೂ ಮಾತನಾಡಲಿಲ್ಲ.

ಅವರಿಬ್ಬರ ಪ್ರಶ್ನೆಗಳೂ ಗಂಭೀರವಾದವು. ಎರಡಕ್ಕೂ ಉತ್ತರ ಕೊಡಬೇಕಾದರೆ ವಿಜ್ಞಾನ ನಿಜವಾಗಿ ಹೇಳಿರುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕಾಗುತ್ತದೆ. ಜೀವವಿಕಾಸದ ಸಿದ್ಧಾಂತದ ಬಗ್ಗೆ, ವಿಶೇಷವಾಗಿ ಮಾನವನ ಮೂಲದ ಬಗ್ಗೆ, ನಮ್ಮ ಓದುಗರಲ್ಲಿ ಭಿನ್ನ ನಿಲುವುಗಳಿವೆ ಎಂಬುದನ್ನು ನಾನು ಬಲ್ಲೆ. ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ವಿಜ್ಞಾನದ ಹೆಸರಿನಲ್ಲಿ ಒಂದು ವಾದ ನಮ್ಮ ಮನೆಯೊಳಗೆ ಬಂದಿರುವಾಗ ಅದರ ಆಧಾರವನ್ನು ಪರಿಶೀಲಿಸುವುದು ಎಲ್ಲರ ಕರ್ತವ್ಯ. ಆ ಪರಿಶೀಲನೆಗೆ ಬೇಕಾದ ಅವಲೋಕನಗಳು ನಿಲುವು ಯಾವುದೇ ಇದ್ದರೂ ಅವೇ ಆಗಿರುತ್ತವೆ.

ಮೊದಲು ವಾದದ ಬಲವಾದ ಭಾಗವನ್ನೇ ನೋಡೋಣ. ಸಸ್ತನಿಗಳಲ್ಲಿ ಜೋಡಿಯಾಗಿ ಬದುಕುವ ಜೀವಿಗಳು ನಿಜಕ್ಕೂ ವಿರಳ. 2013ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡೀಟರ್ ಲೂಕಾಸ್ ಮತ್ತು ಟಿಮ್ ಕ್ಲಟನ್-ಬ್ರಾಕ್ ಎಂಬ ವಿಜ್ಞಾನಿಗಳು ಸುಮಾರು 2,500 ಸಸ್ತನಿ ಪ್ರಭೇದಗಳ ಬದುಕನ್ನು ಹೋಲಿಸಿ, ಅವುಗಳಲ್ಲಿ ಶೇಕಡ 9ರಷ್ಟು ಮಾತ್ರ ಜೋಡಿ ಬದುಕು ನಡೆಸುತ್ತವೆ ಎಂದು ಪ್ರಕಟಿಸಿದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗರ್ಭ ಧರಿಸುವುದು, ಹೆರುವುದು, ಹಾಲುಣಿಸುವುದು ಎಲ್ಲವೂ ತಾಯಿಯ ಪಾಲಿಗೇ ಬರುವುದರಿಂದ, ಹೆಚ್ಚಿನ ಪ್ರಾಣಿಗಳಲ್ಲಿ ಗಂಡು ಹೊರಟುಹೋದರೂ ಮರಿ ಬದುಕುತ್ತದೆ.

ಹಕ್ಕಿಗಳ ಲೋಕ ಇದಕ್ಕೆ ತದ್ವಿರುದ್ಧ. ಅಲ್ಲಿ ಸುಮಾರು ಶೇಕಡ 90ರಷ್ಟು ಪ್ರಭೇದಗಳು ಜೋಡಿಯಾಗಿ ಸಂಸಾರ ಹೂಡುತ್ತವೆ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯ ಸಂಸಾರವನ್ನು ಕಂಡವರಿಗೆ ಇದರ ಅರ್ಥ ಚೆನ್ನಾಗಿ ತಿಳಿದಿರುತ್ತದೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮುಂದೆ ವಾರಗಟ್ಟಲೆ, ತಿಂಗಳುಗಟ್ಟಲೆ, ಆ ಸೀಳಿನ ಮೂಲಕ ಹಣ್ಣು ತಂದು ಕೊಡುವುದು ಗಂಡಿನ ಕೆಲಸ. ಅದು ಬಾರದೆ ಹೋದರೆ ಒಳಗಿರುವ ತಾಯಿ ಮತ್ತು ಮರಿಗಳ ಗತಿಯೇನು? ಒಬ್ಬರಿಂದ ಮರಿ ಸಾಕುವುದು ಕಷ್ಟವಾದೆಡೆ ಜೋಡಿ ಬದುಕು ಬೇರೂರಿದೆ.

ಆದರೆ ಈ ಹಕ್ಕಿಗಳ ಕಥೆಯಲ್ಲೊಂದು ತಿರುವಿದೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಅವರು ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ಅದನ್ನು ಗುಬ್ಬಚ್ಚಿಯಿಂದ ಮೊದಲ್ಗೊಂಡು ಹಲವು ಹಕ್ಕಿಗಳ ಗೂಡುಗಳಿಗೆ ಅನ್ವಯಿಸಿ ನೋಡಲಾಯಿತು. ಆದರ್ಶ ದಂಪತಿಗಳೆಂದು ಕವಿಗಳು ಹೊಗಳಿದ ಎಷ್ಟೋ ಜೋಡಿಗಳ ಗೂಡಿನಲ್ಲಿ ಬೇರೆ ಗಂಡಿನ ಮರಿಗಳಿದ್ದವು. 2002ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಾಮರ್ಶೆಯ ಪ್ರಕಾರ, ಜೋಡಿ ಕಟ್ಟುವ ಹಕ್ಕಿಗಳಲ್ಲಿ ಸರಾಸರಿ ಶೇಕಡ 11ಕ್ಕೂ ಹೆಚ್ಚು ಮರಿಗಳು ಜೋಡಿಯ ಹೊರಗಿನ ಗಂಡಿಗೆ ಹುಟ್ಟಿದವು. ಆಸ್ಟ್ರೇಲಿಯಾದ ಫೇರಿ ರೆನ್ ಎಂಬ ಪುಟ್ಟ ನೀಲಿ ಹಕ್ಕಿಯಲ್ಲಂತೂ ಮುಕ್ಕಾಲು ಪಾಲು ಮರಿಗಳು ಹಾಗೆ ಹುಟ್ಟುತ್ತವೆ. ಜೊತೆಯಾಗಿ ಸಂಸಾರ ಮಾಡುವುದು ಬೇರೆ, ಪರಸ್ಪರ ನಿಷ್ಠರಾಗಿರುವುದು ಬೇರೆ ಎಂಬುದನ್ನು ಜೀವಶಾಸ್ತ್ರ ಅಂದು ಕಲಿತುಕೊಂಡಿತು.

ಎರಡು ನಿಮಿಷದ ವಿಡಿಯೋಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನಾವು ಮುಂದೆ ಹೋಗೋಣ. ಯಾಕೆಂದರೆ ‘ನಂಟು ಮುರಿಯುವುದು ಸಹಜ’ ಎನ್ನುವವರು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಶೇಕಡ 91ರಷ್ಟು ಸಸ್ತನಿಗಳು ಕಟ್ಟದ ಈ ನಂಟನ್ನು ಮನುಷ್ಯ ಕಟ್ಟಿದ್ದಾದರೂ ಯಾಕೆ?

ಈ ಪ್ರಶ್ನೆಯ ಒಂದು ಎಳೆ ನಮ್ಮ ಧಾರವಾಡದಿಂದಲೇ ಆರಂಭವಾಗುತ್ತದೆ. 1960ರ ದಶಕದ ಮೊದಲ ವರ್ಷಗಳಲ್ಲಿ ಯುಕಿಮಾರು ಸುಗಿಯಾಮಾ ಎಂಬ ಜಪಾನಿನ ಯುವ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡುಗಳಲ್ಲಿ ಕಪ್ಪು ಮುಖದ, ಉದ್ದ ಬಾಲದ ಮುಸಿಯಗಳ ಹಿಂಡುಗಳನ್ನು ಹಿಂಬಾಲಿಸಿದರು. ಧಾರವಾಡದಲ್ಲಿ ಓದುತ್ತಿದ್ದ ದಿನಗಳಲ್ಲಿ ನಮ್ಮ ಹಾಸ್ಟೆಲಿನ ಮಾಡಿನ ಮೇಲೆ ದಿನವೂ ಕಾಣಿಸಿಕೊಳ್ಳುತ್ತಿದ್ದ ಆ ಮಂಗಗಳು ಜಗತ್ತಿನ ಒಂದು ದೊಡ್ಡ ಚರ್ಚೆಗೆ ಮೂಲವಾಗಿದ್ದವೆಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಒಂದು ಗಂಡು ಹಲವು ಹೆಣ್ಣುಗಳ ಹಿಂಡನ್ನು ಆಳುತ್ತಿತ್ತು. ಹೊರಗಿನ ಗಂಡುಗಳು ದಾಳಿ ಮಾಡಿ ಅದನ್ನು ಓಡಿಸಿದವು. ಹಿಂಡನ್ನು ವಶಪಡಿಸಿಕೊಂಡ ಹೊಸ ಗಂಡು, ಹಿಂದಿನ ಗಂಡಿಗೆ ಹುಟ್ಟಿದ್ದ ಹಾಲು ಕುಡಿಯುವ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. ಮರಿಯನ್ನು ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಆ ಹೊಸ ಗಂಡಿನಿಂದಲೇ ಗರ್ಭ ಧರಿಸಿದವು.

ಸುಗಿಯಾಮಾ ಇದನ್ನು ಬರೆದಾಗ ಪಂಡಿತಲೋಕ ಸುಲಭವಾಗಿ ಒಪ್ಪಲಿಲ್ಲ. ಇದು ಜನಸಂದಣಿಯ ಒತ್ತಡದಿಂದಾದ ವಿಕೃತಿ ಎಂದರು ಹಲವರು. ಮುಂದೆ ಸಾರಾ ಹರ್ಡಿ ಎಂಬ ಅಮೆರಿಕನ್ ವಿಜ್ಞಾನಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಇದೇ ಜಾತಿಯ ಮಂಗಗಳನ್ನು ವರ್ಷಗಟ್ಟಲೆ ಗಮನಿಸಿ, ಇದು ವಿಕೃತಿಯಲ್ಲ, ತನ್ನ ಸಂತಾನವನ್ನು ಬೇಗ ಪಡೆಯಲು ಗಂಡು ಅನುಸರಿಸುವ ಕ್ರಮ ಎಂದು ವಾದಿಸಿದರು. 1977ರಲ್ಲಿ ಬಂದ ಅವರ ಗ್ರಂಥದ ನಂತರ ಸಿಂಹ, ಗೊರಿಲ್ಲಾ ಮೊದಲಾದ ಹಲವು ಪ್ರಾಣಿಗಳಲ್ಲಿ ಇದೇ ನಡವಳಿಕೆ ದಾಖಲಾಯಿತು.

ಇದಕ್ಕೂ ದಾಂಪತ್ಯಕ್ಕೂ ಏನು ಸಂಬಂಧ? 2013ರಲ್ಲಿ, ಲೂಕಾಸರ ಅಧ್ಯಯನ ಬಂದ ದಿನಗಳಲ್ಲೇ, ಕ್ರಿಸ್ಟೊಫರ್ ಓಪಿ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಅವರು 230 ಜಾತಿಯ ಮಂಗ, ವಾನರ ಮತ್ತು ಅವುಗಳ ಬಂಧುಪ್ರಾಣಿಗಳನ್ನು ಪರಿಶೀಲಿಸಿದ್ದರು. ಹೊರಗಿನ ಗಂಡಿನಿಂದ ಮರಿಗೆ ಅಪಾಯವಿದ್ದುದೇ ತಂದೆ ತಾಯಿಯ ಬಳಿ ಉಳಿಯಲು, ಜೋಡಿ ಬದುಕು ಹುಟ್ಟಲು ಕಾರಣ ಎಂದು ಅವರು ವಾದಿಸಿದರು. ಲೂಕಾಸರ ತಂಡ ಇದನ್ನು ಒಪ್ಪಲಿಲ್ಲ. ಹೆಣ್ಣುಗಳು ದೂರದೂರವಾಗಿ ಹರಡಿಕೊಂಡಾಗ ಒಂದಕ್ಕಿಂತ ಹೆಚ್ಚು ಹೆಣ್ಣುಗಳನ್ನು ಕಾಯಲಾಗದೆ ಗಂಡು ಒಂದರ ಜೊತೆ ಉಳಿಯಿತು ಎಂಬುದು ಅವರ ತೀರ್ಮಾನ. ವಿವಾದ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಒಂದು ವಿಷಯದಲ್ಲಿ ಇಬ್ಬರ ಮಾಹಿತಿಯೂ ಕೂಡುತ್ತದೆ. ಜೋಡಿ ಬದುಕು ಒಮ್ಮೆ ನೆಲೆಗೊಂಡ ಮೇಲೆ ಎಷ್ಟೋ ಪ್ರಭೇದಗಳಲ್ಲಿ ತಂದೆ ಮರಿಯ ಪಾಲನೆಗೆ ಕೈ ಹಚ್ಚಿದ್ದಾನೆ.

ಮನುಷ್ಯನ ದೇಹದಲ್ಲಿಯೂ ಈ ಇತಿಹಾಸದ ಗುರುತುಗಳನ್ನು ಓದಲು ವಿಜ್ಞಾನಿಗಳು ಪ್ರಯತ್ನಿಸಿದ್ದಾರೆ. ಗಂಡುಗಳು ಹೆಣ್ಣುಗಳಿಗಾಗಿ ಕಾದಾಡುವ ಪ್ರಾಣಿಗಳಲ್ಲಿ ಗಂಡಿನ ಗಾತ್ರ ಬಹಳ ದೊಡ್ಡದು. ಗೊರಿಲ್ಲಾ ಗಂಡು ಹೆಣ್ಣಿನ ಸುಮಾರು ಎರಡರಷ್ಟು ತೂಗುತ್ತದೆ. ಮನುಷ್ಯರಲ್ಲಿ ಆ ಅಂತರ ಸರಾಸರಿ ಶೇಕಡ 15ರ ಆಸುಪಾಸಿನಲ್ಲಿದೆ. ಒಂದು ಹೆಣ್ಣು ಹಲವು ಗಂಡುಗಳೊಂದಿಗೆ ಕೂಡುವ ಚಿಂಪಾಂಜಿಗಳಲ್ಲಿ ಪೈಪೋಟಿ ವೀರ್ಯದ ಮಟ್ಟದಲ್ಲೇ ನಡೆಯುವುದರಿಂದ ವೃಷಣಗಳ ತೂಕ ಸುಮಾರು 120 ಗ್ರಾಂ ಇರುತ್ತದೆ. ಅದಕ್ಕಿಂತ ಮೂರು ನಾಲ್ಕು ಪಟ್ಟು ಭಾರವಾದ ಗೊರಿಲ್ಲಾದಲ್ಲಿ 30 ಗ್ರಾಂ, ಮನುಷ್ಯನಲ್ಲಿ 40 ಗ್ರಾಂ. ಇಥಿಯೋಪಿಯಾದಲ್ಲಿ ದೊರೆತ, 44 ಲಕ್ಷ ವರ್ಷ ಹಳೆಯ ಆರ್ಡಿಪಿಥೆಕಸ್ ಪಳೆಯುಳಿಕೆಗಳಲ್ಲಿ ಗಂಡಿನ ಕೋರೆಹಲ್ಲು ಆಗಲೇ ಚಿಕ್ಕದಾಗಿತ್ತು. ಗಂಡು ಕಾದಾಟ ಬಿಟ್ಟು ಆಹಾರ ಹೊತ್ತು ತರುವ ಸಂಗಾತಿಯಾದುದರ ಕುರುಹು ಅದೆಂದು ಓವೆನ್ ಲವ್‌ಜಾಯ್ ವಾದಿಸಿದರು. ಆ ವಾದವನ್ನು ಒಪ್ಪದವರೂ ಇದ್ದಾರೆ. ಒಟ್ಟಿನಲ್ಲಿ ನಮ್ಮ ದೇಹ ಗೊರಿಲ್ಲಾದ ಅಂತಃಪುರಕ್ಕೂ ಚಿಂಪಾಂಜಿಯ ಸಂತೆಗೂ ಸೇರದೆ ನಡುವೆ ನಿಂತಿದೆ.

ದೇಹಕ್ಕಿಂತ ಸ್ಪಷ್ಟವಾಗಿ ಮಾತನಾಡುವುದು ತೊಟ್ಟಿಲಲ್ಲಿರುವ ಮಗು. ಹುಟ್ಟುವಾಗ ಮನುಷ್ಯನ ಮಗುವಿನ ಮಿದುಳು ವಯಸ್ಕರ ಮಿದುಳಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಅದು ತಾಯಿಯನ್ನು ಹಿಡಿದು ಜೋತಾಡಲಾರದು, ತಿಂಗಳುಗಟ್ಟಲೆ ತೆವಳಲಾರದು. ಬೇಟೆ ಮತ್ತು ಗೆಡ್ಡೆಗೆಣಸುಗಳಿಂದ ಬದುಕುವ ಸಮುದಾಯಗಳಲ್ಲಿ ಒಂದು ಮಗು ತನ್ನ ಆಹಾರವನ್ನು ತಾನೇ ಸಂಪಾದಿಸುವಷ್ಟು ದೊಡ್ಡದಾಗುವವರೆಗೆ ಇತರರು ಅದಕ್ಕಾಗಿ ಒದಗಿಸಬೇಕಾದ ಆಹಾರ ಸುಮಾರು 1.3 ಕೋಟಿ ಕ್ಯಾಲೊರಿ ಎಂಬ ಅಂದಾಜಿದೆ. ಚಿಂಪಾಂಜಿ ಐದಾರು ವರ್ಷಕ್ಕೊಮ್ಮೆ ಹೆತ್ತು, ಒಂದು ಮರಿ ಸ್ವತಂತ್ರವಾದ ಮೇಲೆ ಇನ್ನೊಂದನ್ನು ನೋಡುತ್ತದೆ. ಮನುಷ್ಯರ ತಾಯಿಗೆ ಕಂಕುಳಲ್ಲೊಂದು, ಕೈಹಿಡಿದುಕೊಂಡದ್ದೊಂದು, ಹಸಿವೆಂದು ಅಳುವುದು ಇನ್ನೊಂದು. ಇಷ್ಟು ಭಾರವನ್ನು ಒಂಟಿ ತಾಯಿ ಹೊರುವುದು ಹೇಗೆ ಸಾಧ್ಯವಿತ್ತು?

ಇದಕ್ಕೆ ವಿಜ್ಞಾನಿಗಳು ಕೊಡುವ ಉತ್ತರದಲ್ಲಿ ತಂದೆಯಿದ್ದಾನೆ. ಆದರೆ ತಂದೆ ಒಬ್ಬನೇ ಇಲ್ಲ. ತಾಂಜಾನಿಯದ ಹಾಡ್ಜಾ ಜನರ ನಡುವೆ ಕೆಲಸ ಮಾಡಿದ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು, ನೆಲ ಅಗೆದು ಗೆಡ್ಡೆ ತರುವ ಅಜ್ಜಿಯರ ದುಡಿಮೆಯಿಂದ ಮೊಮ್ಮಕ್ಕಳು ಹೊಟ್ಟೆ ತುಂಬಿಕೊಳ್ಳುವುದನ್ನು ಅಳೆದು ತೋರಿಸಿದರು. ಮಂಗಗಳಿಂದ ಆರಂಭಿಸಿದ ಸಾರಾ ಹರ್ಡಿ ಅವರೇ 2009ರ ತಮ್ಮ ಇನ್ನೊಂದು ಗ್ರಂಥದಲ್ಲಿ, ಮನುಷ್ಯ ಮನುಷ್ಯನಾದುದು ಹಲವು ಕೈಗಳಲ್ಲಿ ಬೆಳೆದುದರಿಂದ ಎಂದರು. ಚಿಕ್ಕಮ್ಮ, ದೊಡ್ಡಮ್ಮ, ಅಜ್ಜಿ, ಮಾವ, ಅಕ್ಕ ಎಲ್ಲರೂ ಎತ್ತಿ ಆಡಿಸುವ ಮನೆಯಲ್ಲಿ ಬೆಳೆದ ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಪ್ರಯೋಗಾಲಯ ಬೇಕಿಲ್ಲ. ದಾಂಪತ್ಯವೆಂದರೆ ಇಬ್ಬರ ಒಪ್ಪಂದವಷ್ಟೇ ಆಗಿರದೆ ಎರಡು ಕುಟುಂಬಗಳನ್ನು ಒಂದು ಮಗುವಿನ ಸುತ್ತ ಕೂಡಿಸುವ ಏರ್ಪಾಡೂ ಆಗಿದೆ. ಆದ್ದರಿಂದಲೇ ಅದು ಮುರಿದಾಗ ಇಬ್ಬರು ಮಾತ್ರ ಬೇರೆಯಾಗುವುದಿಲ್ಲ. ಮಗು ಒಂದು ಕಡೆಯ ಅಜ್ಜಿಯನ್ನೂ ಕಳೆದುಕೊಳ್ಳುತ್ತದೆ.

ಈಗ ‘ಗಂಡಸಿನ ಸ್ವಭಾವ’ಕ್ಕೆ ಬರೋಣ. ಗಂಡು ಸ್ವಭಾವತಃ ಚಂಚಲ, ಹೆಣ್ಣು ಸ್ವಭಾವತಃ ಸಂಯಮಿ ಎಂಬ ಮಾತಿಗೆ ಬಹುಕಾಲ ಆಧಾರವಾಗಿದ್ದುದು 1948ರಲ್ಲಿ ಆಂಗಸ್ ಬೇಟ್‌ಮನ್ ಹಣ್ಣಿನ ನೊಣಗಳ ಮೇಲೆ ನಡೆಸಿದ ಪ್ರಯೋಗ. ಹೆಚ್ಚು ಸಂಗಾತಿಗಳಿಂದ ಗಂಡಿಗೆ ಲಾಭ, ಹೆಣ್ಣಿಗೆ ಇಲ್ಲ ಎಂದು ಅವರು ತೀರ್ಮಾನಿಸಿದ್ದರು. ಹಲವು ದಶಕಗಳ ಕಾಲ ಪಠ್ಯಪುಸ್ತಕಗಳು ಅದನ್ನೇ ಬೋಧಿಸಿದವು. 2012ರಲ್ಲಿ ಪೆಟ್ರೀಷಿಯಾ ಗೋವಾಟಿ ಮತ್ತು ಸಂಗಡಿಗರು ಅದೇ ವಿಧಾನವನ್ನು ಮತ್ತೆ ಅನುಸರಿಸಿ ನೋಡಿದಾಗ, ಮರಿಗಳ ತಂದೆತಾಯಿಯನ್ನು ಗುರುತಿಸಲು ಬಳಸಿದ್ದ ದೇಹದ ಗುರುತುಗಳೇ ಅನೇಕ ಮರಿಗಳ ಸಾವಿಗೆ ಕಾರಣವಾಗಿ ಲೆಕ್ಕವನ್ನು ಕೆಡಿಸಿದ್ದವೆಂದು ತಿಳಿಯಿತು. ಆ ಪ್ರಯೋಗದಿಂದ ಅಂತಹ ತೀರ್ಮಾನಕ್ಕೆ ಬರುವಂತೆಯೇ ಇರಲಿಲ್ಲ. ಇನ್ನು ಹಕ್ಕಿಗಳ ಗೂಡಿನಲ್ಲಿ ಸಿಕ್ಕ ಪರಗಂಡಿನ ಮರಿಗಳಿಗೂ ತಾಯಿಯೊಬ್ಬಳು ಇದ್ದಾಳಲ್ಲವೇ? ಚಾಪಲ್ಯವು ಪ್ರಕೃತಿಯ ಕೊಡುಗೆಯಾದರೆ ಅದು ಗಂಡಿಗೆ ಮಾತ್ರ ಸಿಕ್ಕ ಕೊಡುಗೆಯಲ್ಲ. ಆ ಸಹೋದರಿ ಕೇಳಿದ ಪ್ರಶ್ನೆಗೆ ವಿಜ್ಞಾನದ ಪ್ರಾಮಾಣಿಕ ಉತ್ತರ ಇದು. ಸ್ವಭಾವದ ನೆಪ ಹೇಳುವ ಪತಿ ಅದೇ ನೆಪವನ್ನು ಪತ್ನಿಯ ಬಾಯಿಂದ ಕೇಳಲು ಸಿದ್ಧನಿದ್ದಾನೆಯೇ?

ಗಂಡಸಿನ ಸ್ವಭಾವದಲ್ಲಿ ಇನ್ನೊಂದು ಭಾಗವೂ ಇದೆ. ವಿಡಿಯೋಗಳು ಅದನ್ನು ತೋರಿಸುವುದಿಲ್ಲ. ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ ನೂರಾರು ಯುವಕರನ್ನು ವರ್ಷಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಿವಾಹವಾಗಿ ತಂದೆಯಾದವರಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನು ಗಮನಾರ್ಹವಾಗಿ ಇಳಿದುದನ್ನು ತೋರಿಸಿತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುವ ತಂದೆಯರಲ್ಲಿ ಅದು ಇನ್ನೂ ಕಡಿಮೆ. ಮಗುವನ್ನು ಎದೆಗೊತ್ತಿಕೊಂಡ ತಂದೆಯ ರಕ್ತದಲ್ಲಿಯೇ ಬದಲಾವಣೆ ಆಗುತ್ತದೆ. ಇದೂ ಗಂಡಸಿನ ಸ್ವಭಾವವೇ.

ಅಮೆರಿಕದ ಹುಲ್ಲುಗಾವಲಿನ ವೋಲ್ ಎಂಬ ಇಲಿಯ ಕಥೆ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಈ ಇಲಿ ಒಮ್ಮೆ ಜೋಡಿಯಾದರೆ ಸಂಗಾತಿಯನ್ನು ಬಿಡುವುದು ಅಪರೂಪ. ಅದರ ಹತ್ತಿರದ ಬಂಧುವಾದ ಇನ್ನೊಂದು ವೋಲ್ ಅಂತಹ ನಂಟನ್ನೇ ಕಟ್ಟುವುದಿಲ್ಲ. ಮೊದಲನೆಯದರ ಮಿದುಳಿನಲ್ಲಿ ಹೇರಳವಾಗಿರುವ ವಾಸೊಪ್ರೆಸಿನ್ ಗ್ರಾಹಿಯ ಜೀನನ್ನು 2004ರಲ್ಲಿ ಎರಡನೆಯದರ ಮಿದುಳಿಗೆ ಸೇರಿಸಿದಾಗ ಆ ಗಂಡುಗಳೂ ಸಂಗಾತಿಯ ಪಕ್ಕದಲ್ಲೇ ಉಳಿಯತೊಡಗಿದವು. ಪತ್ರಿಕೆಗಳು ‘ನಿಷ್ಠೆಯ ಜೀನ್’ ಎಂದು ಸಂಭ್ರಮಿಸಿದವು. ಆದರೆ ಬಯಲಿನಲ್ಲಿ ಆ ನಿಷ್ಠ ಇಲಿಗಳ ಬಿಲಗಳಲ್ಲೂ ಪರಗಂಡಿನ ಮರಿಗಳು ಕಂಡುಬಂದಿವೆ. ಹಾರ್ಮೋನುಗಳು ಮಮತೆಯನ್ನು ಹುಟ್ಟಿಸಬಲ್ಲವು, ಮಾತಿಗೆ ಬದ್ಧವಾಗಿರುವುದನ್ನು ಅವು ಖಚಿತಪಡಿಸಲಾರವು.

ಹಾಗಾದರೆ ಮನುಷ್ಯರು ಎಷ್ಟರಮಟ್ಟಿಗೆ ಬದ್ಧರಾಗಿದ್ದಾರೆ? ‘ಹತ್ತರಲ್ಲೊಂದು ಮಗುವಿಗೆ ತಂದೆ ಬೇರೆ’ ಎಂಬ ಗಾಳಿಮಾತು ಬಹಳ ಹಿಂದಿನಿಂದ ಹರಿದಾಡುತ್ತಿದೆ. ಬೆಲ್ಜಿಯಂನ ಮಾರ್ಟೆನ್ ಲಾರ್ಮುಸೊ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೆ ಒಡ್ಡಿದರು. ಶತಮಾನಗಳ ವಂಶಾವಳಿ ದಾಖಲೆಗಳ ಪ್ರಕಾರ ಒಬ್ಬನೇ ಪೂರ್ವಜನಿಗೆ ಸೇರಬೇಕಾದ ಪುರುಷರ ವೈ ವರ್ಣತಂತುಗಳನ್ನು ಹೋಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುಮಾರು 500 ವರ್ಷಗಳ ಅವಧಿಯಲ್ಲಿ ದಾಖಲೆಯ ತಂದೆ ನಿಜವಾದ ತಂದೆಯಲ್ಲದ ಪ್ರಮಾಣ ಪ್ರತಿ ತಲೆಮಾರಿಗೆ ಶೇಕಡ ಒಂದರಿಂದ ಎರಡರ ನಡುವೆ ಇತ್ತು. ಹಳ್ಳಿಯ ರೈತರಲ್ಲಿ ಅದು ಶೇಕಡ ಅರ್ಧದಷ್ಟು. 19ನೇ ಶತಮಾನದ ಕಿಕ್ಕಿರಿದ ನಗರಗಳ ಕಡುಬಡವರಲ್ಲಿ ಮಾತ್ರ ಶೇಕಡ 6ರ ಹತ್ತಿರಕ್ಕೆ ಏರಿತ್ತು. ಆ ಏರಿಕೆಯಲ್ಲಿ ಬಡ ಹೆಣ್ಣುಮಕ್ಕಳ ಮೇಲಿನ ಬಲಾತ್ಕಾರದ ಪಾಲು ಎಷ್ಟೆಂದು ವರ್ಣತಂತು ಹೇಳುವುದಿಲ್ಲ. ಎಲ್ಲ ಸಮಾಜಗಳೂ ಹೀಗೆಯೇ ಇಲ್ಲ. ನಮೀಬಿಯಾದ ಹಿಂಬಾ ಸಮುದಾಯದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪತಿಯಲ್ಲದವರಿಗೆ ಹುಟ್ಟಿದವರೆಂದು 2020ರ ಅಧ್ಯಯನ ತೋರಿಸಿತು. ಆದರೆ ಅಲ್ಲಿ ಅದು ಗುಟ್ಟಲ್ಲ, ಆ ಸಮಾಜದ ಒಪ್ಪಿತ ಪದ್ಧತಿ. ಒಂದೇ ಮಾನವ ದೇಹ ಎರಡು ಕಡೆ ಎರಡು ರೀತಿ ನಡೆದುಕೊಂಡಿದೆ ಎಂದರೆ, ನಿರ್ಣಾಯಕವಾದುದು ದೇಹವಲ್ಲ, ಆ ಸಮಾಜ ಯಾವುದನ್ನು ವಚನವೆಂದು ಎಣಿಸಿದೆ ಎಂಬುದು.

ಈ ಅಂಕಿಗಳು ಇನ್ನೊಂದು ರೋಗಕ್ಕೂ ಮದ್ದಾಗಬೇಕು. ಗಾಳಿಮಾತುಗಳನ್ನು ನಂಬಿ, ಮಗುವಿನ ಬಣ್ಣ ನೋಡಿ, ಮೂಗು ನೋಡಿ, ಪತ್ನಿಯನ್ನು ಶಂಕಿಸಿ ಡಿಎನ್‌ಎ ಪರೀಕ್ಷೆಗೆ ಒತ್ತಾಯಿಸುವ ಪುರುಷರು ಹೆಚ್ಚುತ್ತಿದ್ದಾರೆ. ತನ್ನ ಚಾಪಲ್ಯಕ್ಕೆ ಸ್ವಭಾವವೆಂಬ ಕ್ಷಮೆ, ಆಕೆಯ ಮೇಲೆ ಮಾತ್ರ ಸಾಕ್ಷಿಯಿಲ್ಲದ ಶಂಕೆ! ಶೀಲವಂತ ಸ್ತ್ರೀಯ ಮೇಲೆ ಆರೋಪ ಹೊರಿಸುವವನು ನಾಲ್ವರು ಸಾಕ್ಷಿಗಳನ್ನು ತರಬೇಕೆಂದು ಕುರ್‌ಆನ್ ವಿಧಿಸಿರುವುದನ್ನು ಇಂತಹವರು ನೆನಪಿಸಿಕೊಳ್ಳಬೇಕು. ನಮ್ಮ ದೇಶದ ಕಾನೂನು ಕೂಡ 1872ರ ಸಾಕ್ಷ್ಯ ಅಧಿನಿಯಮದಿಂದ 2023ರ ಹೊಸ ಸಾಕ್ಷ್ಯ ಕಾನೂನಿನವರೆಗೆ, ದಾಂಪತ್ಯದೊಳಗೆ ಹುಟ್ಟಿದ ಮಗು ಪತಿಯದೇ ಎಂದು ಭಾವಿಸಿಯೇ ಹೊರಡುತ್ತದೆ. ಎರಡರ ಕಾಳಜಿಯೂ ಮಗುವಿನ ಹೆಸರು ಮಣ್ಣುಪಾಲಾಗದಿರಲಿ ಎಂಬುದೇ.

ಇಲ್ಲಿ ಕೆಲವರು ಬಹುಪತ್ನಿತ್ವದ ಮಾತೆತ್ತುತ್ತಾರೆ. ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಸಂಗ್ರಹಿಸಿದ ಸಾವಿರಕ್ಕೂ ಹೆಚ್ಚು ಸಮಾಜಗಳ ವಿವರಗಳಲ್ಲಿ ಸುಮಾರು ಶೇಕಡ 85ರಷ್ಟು ಸಮಾಜಗಳು ಒಂದಕ್ಕಿಂತ ಹೆಚ್ಚು ಪತ್ನಿಯರನ್ನು ಅನುಮತಿಸಿದ್ದವು. ಆದರೂ ಅವುಗಳಲ್ಲಿಯೂ ಹೆಚ್ಚಿನ ಪುರುಷರು ಬಾಳಿದ್ದು ಒಬ್ಬ ಪತ್ನಿಯ ಜೊತೆ. ಆದ್ದರಿಂದ ಬಹುಪತ್ನಿತ್ವವನ್ನು ಇಸ್ಲಾಮ್ ಹುಟ್ಟುಹಾಕಲಿಲ್ಲ. ಇದ್ದುದಕ್ಕೆ ಮಿತಿ ಹಾಕಿತು, ನ್ಯಾಯದ ಷರತ್ತು ಹಾಕಿತು, ನ್ಯಾಯ ಪಾಲಿಸಲಾರೆನೆಂಬ ಭಯವಿದ್ದರೆ ಒಬ್ಬಳೇ ಸಾಕೆಂದಿತು. ಆ ಅನುಮತಿಯನ್ನು ಗುಟ್ಟಿನ ಸಂಬಂಧಕ್ಕೆ ಹೊದಿಕೆಯಾಗಿ ಬಳಸುವವರು ನಿಕಾಹ್ ಎಂದರೇನೆಂಬುದನ್ನೇ ಮರೆತಿದ್ದಾರೆ. ಸಾಕ್ಷಿಗಳು, ಮಹರ್, ಜೀವನಾಂಶ, ಮಕ್ಕಳಿಗೆ ಹೆಸರು ಮತ್ತು ಆಸ್ತಿಯ ಹಕ್ಕು ಇವೆಲ್ಲ ಹಗಲಿನ ವ್ಯವಹಾರಗಳು. ದ್ರೋಹದ ಲಕ್ಷಣವೇ ಕತ್ತಲು ಮತ್ತು ಹೊಣೆಯಿಂದ ಪಲಾಯನ.

ಪ್ರಕೃತಿಯಲ್ಲಿ ಇದೆ ಎಂಬುದು ಮನುಷ್ಯನಿಗೆ ಅನುಮತಿಯಾಗುವುದಾದರೆ ಆ ಅನುಮತಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನೂ ಯೋಚಿಸಬೇಕು. ಧಾರವಾಡದ ಕಾಡಿನಲ್ಲಿ ಮರಿಗಳನ್ನು ಕೊಂದ ಆ ಗಂಡು ಮಂಗವೂ ತನ್ನ ಸ್ವಭಾವದಂತೆಯೇ ನಡೆದುಕೊಂಡಿತ್ತು. ವಿಧವೆಯನ್ನು ವಿವಾಹವಾದ ಪುರುಷನೊಬ್ಬ ಆಕೆಯ ಮೊದಲ ಮಕ್ಕಳನ್ನು ಹಿಂಸಿಸಿ ಅದು ಪ್ರಕೃತಿ ಎಂದರೆ ನಾವು ಒಪ್ಪುತ್ತೇವೆಯೇ? ಅಂತಹವನನ್ನು ಮನುಷ್ಯನೆಂದೇ ಎಣಿಸುವುದಿಲ್ಲ. ಅನಾಥ ಮಗುವಿನ ತಲೆ ಸವರಿ ತನ್ನದೆಂದು ಸಾಕುವವನನ್ನು ದೊಡ್ಡ ಮನುಷ್ಯನೆಂದು ಗೌರವಿಸುತ್ತೇವೆ. ನಮ್ಮ ಸ್ವಭಾವದಿಂದ ಯಾವುದನ್ನು ಆರಿಸಿ ಪೋಷಿಸಬೇಕು, ಯಾವುದಕ್ಕೆ ಮೂಗುದಾರ ಹಾಕಬೇಕು ಎಂಬ ವಿವೇಚನೆ ಮನುಷ್ಯನಿಗಿದೆ. ಆ ವಿವೇಚನೆಗಾಗಿಯೇ ಅವನು ಪ್ರಶ್ನಿಸಲ್ಪಡುತ್ತಾನೆ.

ದಾಂಪತ್ಯವನ್ನು ಕುರ್‌ಆನ್ ಬಲಿಷ್ಠ ಕರಾರು ಎಂದು ಕರೆದಿರುವುದರ ಅರ್ಥ ಇಲ್ಲಿ ಹೊಳೆಯುತ್ತದೆ. ತಾನಾಗಿಯೇ ನಡೆಯುವ ಸಂಗತಿಗೆ ಕರಾರು ಬೇಕಾಗುವುದಿಲ್ಲ. ನೀರು ಇಳಿಜಾರಿಗೆ ಹರಿಯಲಿ ಎಂದು ಯಾರೂ ವಚನ ಪಡೆಯುವುದಿಲ್ಲ. ಮನಸ್ಸು ಎರಡೂ ಕಡೆ ಎಳೆಯಬಲ್ಲದು ಎಂದು ಬಲ್ಲ ಸೃಷ್ಟಿಕರ್ತನು, ಹಿಡಿದು ನಿಲ್ಲಿಸುವ ಮಾತೊಂದನ್ನು ನಮ್ಮಿಂದ ಪಡೆದಿದ್ದಾನೆ. ದೃಷ್ಟಿಯನ್ನು ತಗ್ಗಿಸುವ ಆದೇಶ ಬಂದಾಗಲೂ ಮೊದಲು ಪುರುಷರನ್ನು, ಅನಂತರ ಸ್ತ್ರೀಯರನ್ನು ಸಂಬೋಧಿಸಲಾಯಿತು. ಗಂಡಸಿನ ಸ್ವಭಾವಕ್ಕೆ ಅಲ್ಲಿ ವಿನಾಯಿತಿ ಇಲ್ಲ, ಮೊದಲ ಹೊಣೆಯಿದೆ.

ಆದ್ದರಿಂದ ದಾಂಪತ್ಯದ ಬಿರುಕುಗಳ ಮುಂದೆ ಕುಳಿತಾಗ ‘ಸ್ವಭಾವ’ ಎಂಬ ಪದವನ್ನು ಹಿರಿಯರು ತಮ್ಮ ನಾಲಿಗೆಯಿಂದ ತೆಗೆದುಹಾಕಬೇಕು. ಮದುವೆಗೆ ಮುನ್ನ ಗಂಡುಮಕ್ಕಳನ್ನು ಕೂರಿಸಿ, ಅವರು ಒಪ್ಪಿಕೊಳ್ಳಲಿರುವ ಕರಾರಿನ ಅರ್ಥವನ್ನು ಬಿಡಿಸಿ ಹೇಳಬೇಕು. ಮಗು ಹುಟ್ಟಿದ ದಿನದಿಂದ ತಂದೆಯ ಕೈಗೂ ಅದನ್ನು ಎತ್ತಿ ಕೊಡಬೇಕು. ರಾತ್ರಿ ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುವ ತಂದೆಗೆ, ತಾನು ಯಾಕೆ ಈ ಮನೆಗೆ ಕಟ್ಟುಬಿದ್ದಿದ್ದೇನೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ.